ಬಾಲಿ: ಕಡಲತೀರದ ವಿರಾಮ, ದೇಗುಲಗಳ ದರ್ಶನ

ಇಂಡೋನೇಷ್ಯಾದ ಸಾವಿರಾರು ದ್ವೀಪಗಳ ನಡುವೆ ಬಾಲಿ ಒಂದು ಪುಟ್ಟ ಚುಕ್ಕೆ. ಅದರ ವಿಸ್ತೀರ್ಣ ನಮ್ಮ ಶಿವಮೊಗ್ಗ ಜಿಲ್ಲೆಗಿಂತಲೂ ಕಡಿಮೆ. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 43 ಲಕ್ಷ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳ ಸಾಲಿಗೆ ಸೇರಿದ ಇಂಡೋನೇಷ್ಯಾದಲ್ಲಿ ಹಿಂದೂಗಳೇ ಬಹುಸಂಖ್ಯಾತರಾಗಿರುವ ಏಕೈಕ ಪ್ರಾಂತ್ಯ ಇದು. ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು ಎಂಟು ಡಿಗ್ರಿ ದೂರದಲ್ಲಿರುವುದರಿಂದ ವರ್ಷವಿಡೀ ಹಗಲು ರಾತ್ರಿಗಳ ಅವಧಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಚಳಿಗಾಲವೆಂಬುದಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ.

2024ರಲ್ಲಿ ಬಾಲಿಗೆ ಭೇಟಿ ನೀಡಿದ ವಿದೇಶಿಯರ ಪಟ್ಟಿಯಲ್ಲಿ ಆಸ್ಟ್ರೇಲಿಯನ್ನರ ನಂತರದ ಸ್ಥಾನ ಭಾರತೀಯರದು. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನವೂ ಆರಂಭವಾಯಿತು. ಮಧುಚಂದ್ರಕ್ಕೆ ಹೊರಟ ನವದಂಪತಿಗಳಷ್ಟೇ ಅಲ್ಲದೆ, ವಯಸ್ಸಾದ ತಂದೆ ತಾಯಿಯರನ್ನು ಕರೆದುಕೊಂಡು ಹೋಗುವ ಕುಟುಂಬಗಳೂ ಈಗ ಬಾಲಿಯತ್ತ ಮುಖ ಮಾಡಿವೆ. ಸಮುದ್ರಸ್ನಾನವೂ ಆಯಿತು, ದೇವರ ದರ್ಶನವೂ ಆಯಿತು ಎಂಬುದು ಹಲವರ ಲೆಕ್ಕಾಚಾರ. ಲೆಕ್ಕಾಚಾರವೇನೋ ಸರಿಯೇ. ಆದರೆ ಅಲ್ಲಿನ ದೇವಾಲಯ ನಮ್ಮ ದೇವಾಲಯದಂತಿಲ್ಲ, ಅಲ್ಲಿನ ಸಮುದ್ರ ಎಲ್ಲೆಡೆಯೂ ಸೌಮ್ಯವಾಗಿಲ್ಲ. ಈ ಎರಡು ಸಂಗತಿಗಳನ್ನು ತಿಳಿಯದೆ ಹೋದವರು ನಿರಾಶರಾಗಿಯೋ, ಅಪಾಯಕ್ಕೆ ಸಿಲುಕಿಯೋ ಮರಳುವುದುಂಟು.

ಗರ್ಭಗುಡಿ ಇಲ್ಲದ ಗುಡಿ

ಬಾಲಿಗೆ ಭಾರತೀಯ ಸಂಸ್ಕೃತಿಯ ಸಂಪರ್ಕ ಬಹಳ ಹಳೆಯದು. ಸಾನೂರ್ ಪಟ್ಟಣದ ಬ್ಲಾಂಜೊಂಗ್ ಎಂಬಲ್ಲಿ ಶ್ರೀ ಕೇಸರಿ ವರ್ಮದೇವ ಎಂಬ ಅರಸನ ಶಾಸನಸ್ತಂಭವೊಂದಿದೆ. ಹತ್ತನೆಯ ಶತಮಾನದ ಆದಿಭಾಗಕ್ಕೆ ಸೇರಿದ ಈ ಶಾಸನದಲ್ಲಿ ಸಂಸ್ಕೃತ ಮತ್ತು ಹಳೆಯ ಬಾಲಿ ಭಾಷೆಗಳೆರಡೂ ಇವೆ. ಕಾಲವನ್ನು ಶಕವರ್ಷದಲ್ಲಿ ನಮೂದಿಸಲಾಗಿದೆ. ಶಾಸನಗಳ ನಾಡಿನಿಂದ ಹೋಗುವ ಕನ್ನಡಿಗರಿಗೆ ಇದು ಸ್ವಾರಸ್ಯದ ಸ್ಥಳ. ಆದರೂ ಕಡಲತೀರದಿಂದ ಕೂಗಳತೆಯಲ್ಲಿರುವ ಈ ಕಂಬವನ್ನು ನೋಡಲು ಹೋಗುವ ಪ್ರವಾಸಿಗರು ತೀರಾ ವಿರಳ.

ಜಾವಾದ ಮಜಪಹಿತ್ ಸಾಮ್ರಾಜ್ಯ ಅವನತಿ ಹೊಂದಿದಾಗ ಅಲ್ಲಿನ ರಾಜಪರಿವಾರದವರು, ಪುರೋಹಿತರು ಹಾಗೂ ಕಲಾವಿದರು ಬಾಲಿಗೆ ವಲಸೆ ಬಂದರು. 16ನೇ ಶತಮಾನದಲ್ಲಿ ಹೀಗೆ ಬಂದ ನಿರರ್ಥ ಎಂಬ ಪುರೋಹಿತನ ಹೆಸರು ಬಾಲಿಯ ಹಲವು ಸಮುದ್ರ ದೇವಾಲಯಗಳೊಂದಿಗೆ ಬೆಸೆದುಕೊಂಡಿದೆ. ದೇವಾಲಯದಲ್ಲಿ ‘ಪದ್ಮಾಸನ’ ಎಂಬ ಎತ್ತರದ ಕಲ್ಲಿನ ಪೀಠವನ್ನು ನಿಲ್ಲಿಸುವ ಪದ್ಧತಿಯನ್ನು ಬಳಕೆಗೆ ತಂದವನೂ ಅವನೇ ಎಂಬುದು ಪ್ರತೀತಿ.

ಈ ಪೀಠ ಖಾಲಿಯಾಗಿರುತ್ತದೆ. ನಮ್ಮವರಿಗೆ ಮೊದಲು ಗೊಂದಲವಾಗುವುದೇ ಇಲ್ಲಿ. ಬಾಲಿಯ ‘ಪುರ’ದಲ್ಲಿ, ಅಂದರೆ ದೇವಾಲಯದಲ್ಲಿ, ನಮ್ಮಲ್ಲಿರುವಂತೆ ಗರ್ಭಗುಡಿಯಾಗಲಿ, ನಿತ್ಯಪೂಜೆಗೊಳ್ಳುವ ಮೂಲವಿಗ್ರಹವಾಗಲಿ ಇರುವುದಿಲ್ಲ. ಸರದಿಯಲ್ಲಿ ನಿಂತು ಮಂಗಳಾರತಿ ಪಡೆಯುವ ಕ್ರಮವೂ ಇಲ್ಲ. ಆಕಾಶಕ್ಕೆ ತೆರೆದುಕೊಂಡ ಮೂರು ಪ್ರಾಂಗಣಗಳು ಒಂದರ ಹಿಂದೊಂದು ಇರುತ್ತವೆ. ನಡುವೆ ಸೀಳಿದಂತೆ ಕಾಣುವ ಹೆಬ್ಬಾಗಿಲು, ಒಳಗೆ ಕಪ್ಪು ನಾರಿನ ಹೊದಿಕೆಯ ‘ಮೇರು’ ಗೋಪುರಗಳು. ಮೇರುವಿನ ಅಂತಸ್ತುಗಳು ಸಾಮಾನ್ಯವಾಗಿ ಬೆಸಸಂಖ್ಯೆಯಲ್ಲೇ ಇರುತ್ತವೆ, ಗರಿಷ್ಠ ಹನ್ನೊಂದು. ಉತ್ಸವದ ದಿನಗಳಂದು ದೇವತೆಗಳು ಇಳಿದು ಬಂದು ಇಲ್ಲಿ ನೆಲೆಸುತ್ತಾರೆ ಎಂಬುದು ನಂಬಿಕೆ. ಉಳಿದ ದಿನಗಳಲ್ಲಿ ಪ್ರಾಂಗಣ ಬಹುಮಟ್ಟಿಗೆ ನಿರ್ಜನ. ದೇವಾಲಯಕ್ಕೆ ಹೋಗಿ ದೇವರನ್ನೇ ಕಾಣಲಿಲ್ಲವೆಂದು ಗೊಣಗುವ ಹಿರಿಯರಿಗೆ ಈ ವಿಷಯವನ್ನು ಮೊದಲೇ ತಿಳಿಸಿಬಿಡುವುದು ಲೇಸು.

ಪ್ರತಿ ದೇವಾಲಯಕ್ಕೂ ‘ಒಡಲಾನ್’ ಎಂಬ ವಾರ್ಷಿಕೋತ್ಸವವಿದೆ. ಬಾಲಿಯ ಪವುಕೋನ್ ಪಂಚಾಂಗದಲ್ಲಿ ವರ್ಷವೆಂದರೆ 210 ದಿನ. ಹೀಗಾಗಿ ಬಹುತೇಕ ದೇವಾಲಯಗಳಲ್ಲಿ ನಮ್ಮ ಒಂದು ವರ್ಷದೊಳಗೆ ಎರಡು ಬಾರಿಯೂ ಉತ್ಸವ ನಡೆಯಬಹುದು. ದ್ವೀಪದಲ್ಲಿ ಸಾವಿರಾರು ದೇವಾಲಯಗಳಿರುವುದರಿಂದ ದಿನವೂ ಎಲ್ಲಿಯಾದರೂ ಒಂದು ಕಡೆ ಉತ್ಸವವಿದ್ದೇ ಇರುತ್ತದೆ. ಹಣ್ಣು, ಹೂವು, ತಿನಿಸುಗಳನ್ನು ಗೋಪುರದಂತೆ ಜೋಡಿಸಿ ತಲೆಯ ಮೇಲೆ ಹೊತ್ತು ಸಾಲಾಗಿ ನಡೆಯುವ ಹೆಂಗಸರು ಎದುರಾದರೆ ವಾಹನ ನಿಲ್ಲಿಸಿ ದಾರಿ ಬಿಡಬೇಕು. ಪ್ರಸಿದ್ಧ ದೇವಾಲಯವೊಂದರಲ್ಲಿ ಛಾಯಾಚಿತ್ರಕ್ಕಾಗಿ ಗಂಟೆಗಟ್ಟಲೆ ಕಾಯುವುದಕ್ಕಿಂತ, ವಸತಿಗೃಹದವರನ್ನು ವಿಚಾರಿಸಿ ಹತ್ತಿರದ ಹಳ್ಳಿಯ ಒಡಲಾನ್‌ಗೆ ಹೋಗುವುದೇ ಮೇಲೆಂಬುದು ಈ ವರದಿಗಾರನ ಅಭಿಪ್ರಾಯ.

ನೋಡಬೇಕಾದ ದೇಗುಲಗಳು

ತನಾಹ್ ಲೋಟ್ ಬಾಲಿಯ ಅತ್ಯಂತ ಪ್ರಸಿದ್ಧ ಸಮುದ್ರ ದೇವಾಲಯ. ಭರತದ ವೇಳೆ ಅಲೆಗಳಿಂದ ಸುತ್ತುವರಿಯಲ್ಪಡುವ ಬಂಡೆಯ ಮೇಲೆ ಇದು ನಿಂತಿದೆ. ಇಳಿತದ ವೇಳೆ ಬುಡದವರೆಗೆ ನಡೆದು ಹೋಗಬಹುದು. ಗುಡಿಯೊಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಅಲೆಗಳ ಹೊಡೆತಕ್ಕೆ ಬಂಡೆ ಸವೆದು ಕುಸಿಯತೊಡಗಿದಾಗ ಜಪಾನಿನ ಸಾಲದ ನೆರವಿನಿಂದ ದುರಸ್ತಿ ನಡೆಸಲಾಯಿತು. ಇಂದು ಕಾಣುವ ಬಂಡೆಯ ಸುಮಾರು ಮೂರನೆಯ ಒಂದು ಭಾಗ ಕೃತಕವಾದುದು ಎಂದರೆ ನಂಬುವುದು ಕಷ್ಟ. ಸೂರ್ಯಾಸ್ತದ ವೇಳೆ ಜಾತ್ರೆಯಂತಹ ಜನಜಂಗುಳಿ ಇರುತ್ತದೆ. ಬೆಳಿಗ್ಗೆ ಹೋದರೆ ನೆಮ್ಮದಿ.

ದಕ್ಷಿಣ ತುದಿಯ ಉಲುವಾಟು ದೇವಾಲಯ ಸುಮಾರು 70 ಮೀಟರ್ ಎತ್ತರದ ಕಡಿದಾದ ಬಂಡೆಯ ಅಂಚಿನಲ್ಲಿದೆ. ಇಲ್ಲಿ ಸಂಜೆ ನಡೆಯುವ ‘ಕೆಚಕ್’ ನೃತ್ಯದ ಕಥಾವಸ್ತು ರಾಮಾಯಣ. ಹತ್ತಾರು ಗಂಡಸರು ವೃತ್ತಾಕಾರವಾಗಿ ಕುಳಿತು ‘ಚಕ್ ಚಕ್’ ಎಂದು ಉಚ್ಚರಿಸುವ ಧ್ವನಿಯೇ ಇದರ ಹಿಮ್ಮೇಳ. ಚೆಂಡೆ ಮದ್ದಳೆಗಳ ಯಕ್ಷಗಾನ ನೋಡಿ ಬೆಳೆದವರಿಗೆ, ವಾದ್ಯವೇ ಇಲ್ಲದ ಈ ರಾಮಾಯಣ ವಿಸ್ಮಯವನ್ನುಂಟುಮಾಡುತ್ತದೆ. ಇದು ಪುರಾತನ ಕಲೆಯೆಂದು ಮಾರ್ಗದರ್ಶಕರು ಹೇಳಿದರೆ ಪೂರ್ತಿ ನಂಬಬೇಕಿಲ್ಲ. ಹಳೆಯ ಆವೇಶ ನೃತ್ಯದ ಗಾಯನವನ್ನು ತೆಗೆದುಕೊಂಡು, 1930ರ ದಶಕದಲ್ಲಿ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಹಾಗೂ ಬಾಲಿಯ ನರ್ತಕ ವಯಾನ್ ಲಿಂಬಕ್ ಇದಕ್ಕೆ ಈಗಿನ ರೂಪ ಕೊಟ್ಟರು.

ಉಲುವಾಟುವಿನ ಮಂಗಗಳು ಕನ್ನಡಕ, ಮೊಬೈಲ್, ಟೋಪಿಗಳನ್ನು ಕಸಿಯುವುದರಲ್ಲಿ ನಿಷ್ಣಾತ. ಹಣ್ಣು ಕೊಟ್ಟರೆ ವಸ್ತುವನ್ನು ಹಿಂತಿರುಗಿಸುತ್ತವೆ! ಇದು ನಗುವ ವಿಷಯವಾದರೂ, ಕಚ್ಚಿದರೆ ಮಾತ್ರ ನಿರ್ಲಕ್ಷ್ಯ ಸಲ್ಲದು. 2008ರಿಂದ ಬಾಲಿಯಲ್ಲಿ ರೇಬೀಸ್ ರೋಗವಿದೆ. ನಾಯಿಯಾಗಲಿ ಮಂಗವಾಗಲಿ ಕಚ್ಚಿದ ಅಥವಾ ಪರಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಲಸಿಕೆ ಪಡೆಯಬೇಕು. ಊರಿಗೆ ಮರಳಿದ ಮೇಲೆ ನೋಡೋಣ ಎನ್ನುವುದು ಪ್ರಾಣಕ್ಕೇ ಎರವಾಗಬಹುದು.

ತಂಪಕ್‌ಸಿರಿಂಗ್‌ನಲ್ಲಿರುವ ತೀರ್ಥ ಎಂಪುಲ್ ದೇವಾಲಯವನ್ನು ಬಿಡಬಾರದು. ಕ್ರಿ.ಶ. 962ರಲ್ಲಿ ಸ್ಥಾಪನೆಯಾಯಿತೆನ್ನಲಾದ ಇಲ್ಲಿ ನೆಲದಿಂದ ಉಕ್ಕುವ ಬುಗ್ಗೆಯ ನೀರು ಸಾಲಾಗಿರುವ ಕಲ್ಲಿನ ಕೊಳವೆಗಳಿಂದ ಕೊಳಕ್ಕೆ ಬೀಳುತ್ತದೆ. ಮಾಯಾದಾನವನೆಂಬ ಅರಸ ನೀರಿಗೆ ವಿಷ ಬೆರೆಸಿ ದೇವಸೈನ್ಯವನ್ನು ಕೊಂದಾಗ, ಇಂದ್ರನು ಭೂಮಿಯನ್ನು ಭೇದಿಸಿ ಈ ಬುಗ್ಗೆಯನ್ನು ಹರಿಸಿ ಅವರನ್ನು ಬದುಕಿಸಿದನೆಂಬುದು ಸ್ಥಳಪುರಾಣ. ನಮ್ಮಲ್ಲಿ ಗುಡಿಗಳು ವಿರಳವಾದ ಇಂದ್ರ ಇಲ್ಲಿ ಪ್ರಮುಖ ದೇವತೆ. ಭಕ್ತರು ಒಂದೊಂದೇ ಕೊಳವೆಯ ಕೆಳಗೆ ತಲೆಯೊಡ್ಡಿ ಪ್ರಾರ್ಥಿಸುತ್ತಾ ಮುಂದುವರಿಯುತ್ತಾರೆ. ವಿದೇಶಿಯರೂ ಪಾಲ್ಗೊಳ್ಳಬಹುದು. ಆದರೆ ಎರಡು ಕೊಳವೆಗಳು ಮೃತರ ಸಂಸ್ಕಾರಕ್ಕೆ ಮೀಸಲು. ಅವುಗಳ ಕೆಳಗೆ ಸ್ನಾನ ಮಾಡುವಂತಿಲ್ಲ. ಮುಂದಿರುವವರನ್ನು ಗಮನಿಸಿ ಅನುಸರಿಸಿದರೆ ಪ್ರಮಾದವಾಗದು. ಸಮೀಪದಲ್ಲೇ ಇರುವ ಗುನುಂಗ್ ಕವಿಯಲ್ಲಿ ಬಂಡೆಯನ್ನೇ ಕೊರೆದು ನಿರ್ಮಿಸಿದ 11ನೇ ಶತಮಾನದ ಸ್ಮಾರಕ ಗುಡಿಗಳಿವೆ. ಮೆಟ್ಟಿಲುಗಳು ಬಹಳ, ಮಂಡಿನೋವಿರುವವರು ಮೇಲೆಯೇ ಉಳಿಯುವುದು ಒಳಿತು.

ಅಗುಂಗ್ ಪರ್ವತದ ಇಳಿಜಾರಿನಲ್ಲಿರುವ ಬೆಸಾಕಿಹ್ ಬಾಲಿಯ ಮಾತೃದೇವಾಲಯ. ಇಪ್ಪತ್ತಕ್ಕೂ ಅಧಿಕ ದೇವಾಲಯಗಳ ಸಮುಚ್ಚಯ ಇದು. 1963ರಲ್ಲಿ ಶತಮಾನಕ್ಕೊಮ್ಮೆ ನಡೆಯಬೇಕಾದ ‘ಏಕಾದಶ ರುದ್ರ’ ಮಹಾಯಾಗಕ್ಕೆ ಸಿದ್ಧತೆ ನಡೆದಿದ್ದಾಗಲೇ ಅಗುಂಗ್ ಜ್ವಾಲಾಮುಖಿ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಅಸುನೀಗಿದರು. ಲಾವಾ ಪ್ರವಾಹ ದೇವಾಲಯದ ಪಕ್ಕದಲ್ಲೇ ಹಾದುಹೋಯಿತು, ದೇವಾಲಯ ಉಳಿಯಿತು. 1979ರಲ್ಲಿ ಯಾಗವನ್ನು ಮತ್ತೆ ನೆರವೇರಿಸಲಾಯಿತು. 2017ರ ನವೆಂಬರ್‌ನಲ್ಲಿ ಇದೇ ಪರ್ವತ ಬೂದಿಯುಗುಳಿ ವಿಮಾನ ನಿಲ್ದಾಣ ಮುಚ್ಚುವಂತಾಯಿತು. ಬೂದಿ ಹಾರಿದರೆ ವಿಮಾನಗಳು ರದ್ದಾಗುವ ಸಂಭವ ಇಲ್ಲಿ ಸದಾ ಇರುವುದರಿಂದ ಪ್ರಯಾಣ ವಿಮೆಯನ್ನು ದುಂದುವೆಚ್ಚವೆಂದು ಭಾವಿಸಬಾರದು.

ಬೆದುಗುಲ್‌ನ ಸರೋವರದ ಅಂಚಿನ ಉಲುನ್ ದಾನು ಬ್ರಾತಾನ್ ದೇವಾಲಯ ಹಿಂದೆ 50,000 ರೂಪಾಯ ನೋಟಿನ ಮೇಲಿತ್ತು. ತಂಪು ಹವೆ, ಮಂಜು. ಒಂದು ಮುಂಜಾನೆಗೆ ಸಾಕು.

ನೀರು ಹಂಚುವ ದೇವರು

ದೇವಾಲಯಗಳ ನಡುವೆ ಸಂಚರಿಸುವಾಗ ಕಾಣುವ ಮೆಟ್ಟಿಲು ಗದ್ದೆಗಳೂ ದೇವಾಲಯದ ಭಾಗವೇ. ‘ಸುಬಕ್’ ಎಂಬುದು ರೈತರ ನೀರು ಹಂಚಿಕೆಯ ಸಂಘ. ಯಾವ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ನೆಲ ಬಿಡುವುದು ಎಂಬುದೆಲ್ಲ ಜಲದೇವಾಲಯದಲ್ಲಿ ತೀರ್ಮಾನವಾಗುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಈ ಕ್ರಮವನ್ನು ಬದಿಗಿಟ್ಟು, ಬಿಡುವಿಲ್ಲದೆ ಬೆಳೆ ತೆಗೆಯುವಂತೆ ರೈತರಿಗೆ ಸೂಚಿಸಲಾಯಿತು. ಫಲವಾಗಿ ಕೀಟಬಾಧೆ ಹಬ್ಬಿತು, ನೀರಿಗೆ ಜಗಳವಾಯಿತು. ಅಕ್ಕಪಕ್ಕದ ಗದ್ದೆಗಳೆಲ್ಲ ಏಕಕಾಲಕ್ಕೆ ಬಿಡುವು ಪಡೆದಾಗ ಕೀಟಗಳಿಗೆ ಆಹಾರ ಸಿಗದೆ ಅವು ನಾಶವಾಗುತ್ತವೆ ಎಂಬ ತತ್ವ ಹಳೆಯ ಪದ್ಧತಿಯಲ್ಲಿ ಅಡಗಿತ್ತೆಂದು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲಾನ್ಸಿಂಗ್ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಸುಬಕ್ ಪ್ರದೇಶಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೆಂಗ್ವಿಯ ತಮನ್ ಆಯುನ್ ದೇವಾಲಯವೂ ಅದರಲ್ಲಿದೆ.

ಆದರೆ ಗದ್ದೆಗಳು ವಿಲ್ಲಾಗಳಾಗಿ, ಹೋಟೆಲುಗಳಾಗಿ ಮಾರ್ಪಡುತ್ತಿರುವ ವೇಗ ಆತಂಕಕಾರಿ. ಈಜುಕೊಳಗಳಿಗೆ ಹೋಗುವ ನೀರೂ ಅದೇ ದ್ವೀಪದ ನೀರು. 2025ರ ಸೆಪ್ಟೆಂಬರ್‌ನಲ್ಲಿ ಡೆನ್‌ಪಸಾರ್ ಹಾಗೂ ಸುತ್ತಲಿನ ಪ್ರದೇಶಗಳಲ್ಲಿ ಪ್ರವಾಹ ಬಂದು ಹತ್ತಕ್ಕೂ ಹೆಚ್ಚು ಜನ ಮೃತಪಟ್ಟಾಗ, ಗದ್ದೆಗಳ ಮೇಲಿನ ನಿರ್ಮಾಣಗಳ ಕುರಿತ ಪ್ರಶ್ನೆ ಅಲ್ಲಿ ಮತ್ತೆ ಎದ್ದಿತು. ಗದ್ದೆಗಳ ಸೊಬಗನ್ನು ನೋಡಲೆಂದು ಬರುವ ಪ್ರವಾಸಿಗನಿಗಾಗಿಯೇ ಗದ್ದೆ ಮುಚ್ಚಲಾಗುತ್ತಿದೆ.

ಯಾವ ಕಡಲತೀರ?

ಎಲ್ಲರಿಗೂ ಗೊತ್ತಿರುವುದು ಕೂಟಾ. ಪಶ್ಚಿಮಾಭಿಮುಖವಾದ ಉದ್ದನೆಯ ಮರಳ ತೀರ, ಅಲೆಸವಾರಿ, ಸೂರ್ಯಾಸ್ತ. 2002ರ ಅಕ್ಟೋಬರ್ 12ರಂದು ಇಲ್ಲಿ ನಡೆದ ಬಾಂಬ್ ಸ್ಫೋಟಗಳಲ್ಲಿ 202 ಮಂದಿ ಬಲಿಯಾದರು. ಅವರ ಹೆಸರುಗಳಿರುವ ಸ್ಮಾರಕ ಲೆಗಿಯಾನ್ ರಸ್ತೆಯಲ್ಲಿದೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿಯೊಡನೆ ಸಮುದ್ರ ರಾಶಿ ರಾಶಿ ಪ್ಲಾಸ್ಟಿಕ್ ತಂದು ಈ ತೀರಕ್ಕೆ ಎಸೆಯುತ್ತದೆ. ಒಳಸೆಳೆತವೂ ಜಾಸ್ತಿ. ಕೆಂಪು ಬಾವುಟವಿದ್ದಲ್ಲಿ ನೀರಿಗಿಳಿಯಕೂಡದು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಬಹುದು. ಸೆಳೆತಕ್ಕೆ ಸಿಕ್ಕಿದರೆ ದಡದತ್ತ ಎದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಸರಿದು ಹೊರಬರಬೇಕು.

ವಿರಾಮವೇ ಉದ್ದೇಶವಾದರೆ ಸಾನೂರ್ ಉತ್ತಮ. ಹವಳದ ದಿಬ್ಬ ಅಲೆಗಳನ್ನು ತಡೆಯುವುದರಿಂದ ನೀರು ಕೆರೆಯಂತೆ ಶಾಂತ. ಸೂರ್ಯೋದಯ ಇಲ್ಲಿನ ವೈಶಿಷ್ಟ್ಯ. ತೀರದುದ್ದಕ್ಕೂ ಕಾಲುದಾರಿಯಿದ್ದು, ವೃದ್ಧರೂ ಮಕ್ಕಳೂ ನಿರಾತಂಕವಾಗಿ ನಡೆದಾಡಬಹುದು. 1960ರ ದಶಕದಲ್ಲಿ ಇಲ್ಲಿ ಹತ್ತು ಅಂತಸ್ತಿನ ಹೋಟೆಲೊಂದು ಎದ್ದ ಬಳಿಕ, ಕಟ್ಟಡಗಳು ತೆಂಗಿನಮರದ ಎತ್ತರವನ್ನು ಮೀರಬಾರದೆಂಬ ನಿಯಮ ಬಂತು. ಇದೇ ತೀರದಲ್ಲಿ 1906ರ ಸೆಪ್ಟೆಂಬರ್‌ನಲ್ಲಿ ಡಚ್ ಸೇನೆ ಇಳಿದಿತ್ತು. ಶರಣಾಗಲೊಪ್ಪದ ಬಾದುಂಗ್ ಅರಸನ ಪರಿವಾರ ಶ್ವೇತವಸ್ತ್ರಧಾರಿಗಳಾಗಿ ಕೋವಿಗಳಿಗೆ ಎದುರು ನಡೆದು ಪ್ರಾಣತೆತ್ತಿತು. ‘ಪುಪುತಾನ್’ ಎಂಬ ಈ ಘಟನೆಯ ಸ್ಮಾರಕ ಡೆನ್‌ಪಸಾರ್ ನಗರದ ಮಧ್ಯದಲ್ಲಿದೆ.

ನೂಸಾ ದುವಾ ಸ್ವಚ್ಛ, ಸುರಕ್ಷಿತ, ದುಬಾರಿ. ಬಾಲಿಯಲ್ಲಿದ್ದೇವೆಂಬ ಭಾವನೆ ಮಾತ್ರ ಕಡಿಮೆ. ಉತ್ತರದ ಲೋವಿನಾದಲ್ಲಿ ಜ್ವಾಲಾಮುಖಿಯ ಕಪ್ಪು ಮರಳು. ದಕ್ಷಿಣದ ಪಾಂಡವ ತೀರದಲ್ಲಿ ಕುಂತಿ ಮತ್ತು ಐವರು ಪಾಂಡವರ ಮೂರ್ತಿಗಳನ್ನು ಸುಣ್ಣಕಲ್ಲಿನ ಗೋಡೆಯಲ್ಲಿ ನಿಲ್ಲಿಸಲಾಗಿದೆ.

ತಿಳಿದಿರಬೇಕಾದ ಸಂಗತಿಗಳು

ದೇವಾಲಯ ಪ್ರವೇಶಕ್ಕೆ ಗಂಡಸರು ಹೆಂಗಸರೆನ್ನದೆ ಎಲ್ಲರೂ ಸೊಂಟಕ್ಕೆ ಪಂಚೆಯಂತಹ ವಸ್ತ್ರ ಹಾಗೂ ಅದರ ಮೇಲೆ ನಡುಪಟ್ಟಿ ಕಟ್ಟಬೇಕು. ನಮ್ಮ ಪಂಚೆ, ಸೀರೆಗಳಿಗೂ ನಡುಪಟ್ಟಿ ಬೇಕೇ ಬೇಕು. ಋತುಸ್ರಾವದಲ್ಲಿರುವ ಸ್ತ್ರೀಯರಿಗೆ ಹಾಗೂ ರಕ್ತ ಒಸರುವ ಗಾಯವಿರುವವರಿಗೆ ಪ್ರವೇಶ ನಿಷಿದ್ಧವೆಂಬ ಫಲಕ ಬಹುತೇಕ ಎಲ್ಲೆಡೆ ಇದೆ. ಪ್ರಾರ್ಥಿಸುತ್ತಿರುವವರ ಮುಂದೆ ನಿಂತು ಚಿತ್ರ ತೆಗೆಯುವುದು, ಪುರೋಹಿತರಿಗಿಂತ ಎತ್ತರದ ಜಾಗದಲ್ಲಿ ಕೂರುವುದು ಅಪಚಾರ. ಪಾದಚಾರಿ ಮಾರ್ಗದಲ್ಲಿಟ್ಟ ಎಲೆಬುಟ್ಟಿಯ ಹೂವಿನ ನೈವೇದ್ಯವನ್ನು ತುಳಿಯಬಾರದು. ಪವಿತ್ರ ವೃಕ್ಷ ಹಾಗೂ ಪರ್ವತಗಳಲ್ಲಿ ಅಸಭ್ಯ ಚಿತ್ರ ತೆಗೆಸಿಕೊಂಡ ವಿದೇಶಿಯರನ್ನು ಗಡೀಪಾರು ಮಾಡಿದ ನಿದರ್ಶನಗಳಿವೆ.

ಶಾಕಾಹಾರಿಗಳು ತೆಂಪೆ, ತೋಫು, ಗಾಡೊ ಗಾಡೊಗಳನ್ನು ನೆಚ್ಚಿಕೊಳ್ಳಬಹುದು. ಆದರೆ ‘ಸಂಬಲ್’ ಎಂಬ ಖಾರದ ಚಟ್ನಿಯಲ್ಲಿ ಸಾಮಾನ್ಯವಾಗಿ ಸೀಗಡಿಯ ಮುದ್ದೆ ಇರುತ್ತದೆ. ‘ತೆರಾಸಿ ಬೇಡ’ ಎಂದು ಹೇಳಲೇಬೇಕು. ಹಿಂದೂಗಳ ನಾಡೆಂದ ಮಾತ್ರಕ್ಕೆ ಶಾಕಾಹಾರದ ನಾಡೆಂದು ತಿಳಿಯಬಾರದು. ಹಂದಿಮಾಂಸ ಇಲ್ಲಿನ ಹಬ್ಬದಡುಗೆ. ಅಗ್ಗದ ‘ಅರಕ್’ ಮದ್ಯದಲ್ಲಿ ಮೆಥನಾಲ್ ಬೆರಕೆಯಾಗಿ ಪ್ರಾಣಹಾನಿಯಾದ ಪ್ರಕರಣಗಳಿರುವುದರಿಂದ ಅದನ್ನು ಮುಟ್ಟದಿರುವುದೇ ಕ್ಷೇಮ.

ಭಾರತೀಯರಿಗೆ 30 ದಿನಗಳ ಆಗಮನ ವೀಸಾ ಲಭ್ಯವಿದ್ದು, ಶುಲ್ಕ 5 ಲಕ್ಷ ರೂಪಾಯ. ಒಂದು ಬಾರಿ ವಿಸ್ತರಿಸಬಹುದು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಬಾಕಿಯಿರಬೇಕು. 2024ರ ಫೆಬ್ರವರಿ 14ರಿಂದ ಪ್ರತಿ ವಿದೇಶಿ ಪ್ರವಾಸಿಗನೂ 1.5 ಲಕ್ಷ ರೂಪಾಯ ಪ್ರವಾಸಿ ತೆರಿಗೆಯನ್ನು ಪ್ರತ್ಯೇಕವಾಗಿ ತೆರಬೇಕು. ಸ್ಥಳೀಯ ಸಮಯ ಭಾರತಕ್ಕಿಂತ ಎರಡೂವರೆ ಗಂಟೆ ಮುಂದಿದೆ.

ಟಿಕೆಟ್ ಕಾಯ್ದಿರಿಸುವ ಮೊದಲು ‘ನ್ಯೆಪಿ’ ಯಾವಾಗೆಂದು ನೋಡಿಕೊಳ್ಳಿ. ಇದು ಬಾಲಿಯ ಶಕವರ್ಷದ ಮೊದಲ ದಿನ. ನಮ್ಮ ಯುಗಾದಿಯಂತೆಯೇ ಅಮಾವಾಸ್ಯೆಯ ಮರುದಿನ ಬರುವ ಇದು ಹಲವು ವರ್ಷ ಯುಗಾದಿಯಂದೇ ಬೀಳುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ರಂದೇ ಬಂದಿದ್ದವು. ಹಿಂದಿನ ಸಂಜೆ ‘ಓಗೊ ಓಗೊ’ ಎಂಬ ದೈತ್ಯ ರಾಕ್ಷಸ ಪ್ರತಿಮೆಗಳ ಮೆರವಣಿಗೆ, ಗದ್ದಲವೋ ಗದ್ದಲ. ಮರುದಿನ ಬೆಳಿಗ್ಗೆ 6ರಿಂದ 24 ಗಂಟೆಗಳ ಕಾಲ ಇಡೀ ದ್ವೀಪ ಮೌನ. ಬೆಂಕಿ ಹೊತ್ತಿಸುವಂತಿಲ್ಲ, ಕೆಲಸವಿಲ್ಲ, ಸಂಚಾರವಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣವೂ ಬಂದ್. ಪ್ರವಾಸಿಗರು ವಸತಿಗೃಹದ ಆವರಣ ಬಿಟ್ಟು ಹೊರಬರುವಂತಿಲ್ಲ, ಕಡಲತೀರಕ್ಕೂ ಇಳಿಯುವಂತಿಲ್ಲ. ‘ಪೆಚಲಾಂಗ್’ ಎಂಬ ಊರ ಕಾವಲುಗಾರರು ಬೀದಿಗಳಲ್ಲಿ ಗಸ್ತು ತಿರುಗುತ್ತಿರುತ್ತಾರೆ. ರಾತ್ರಿ ದೀಪಗಳೆಲ್ಲ ಆರಿರುವುದರಿಂದ, ಮೋಡವಿಲ್ಲದಿದ್ದರೆ ಅಂಗಳದಲ್ಲೇ ಕುಳಿತು ಆಕಾಶಗಂಗೆಯನ್ನು ನೋಡಬಹುದು.