ಗಾಲಿಯ ಹುಟ್ಟುಬಣ್ಣ

ಗಾಲಿಯ ವಿಚಾರ ಬಂದಾಗ ನಾವು ಅದರ ಆಕಾರವನ್ನು ಕುರಿತು ಮಾತನಾಡುವೆವು. ಅದರ ಮರವನ್ನೂ ಲೋಹವನ್ನೂ ಕುರಿತು ಮಾತನಾಡುವೆವು. ಮೈಮೇಲಿನ ಬಣ್ಣವನ್ನು ಕುರಿತು ಮಾತನಾಡುವವರು ವಿರಳ. ಬಣ್ಣವೆಂದರೆ ಉಡುಪು, ಮಾಸಿದರೆ ಕಳಚಿ ಬೇರೊಂದನ್ನು ತೊಡಿಸಬಹುದು ಎಂಬುದೇ ಸಾಮಾನ್ಯವಾದ ಭಾವನೆ. ನಮ್ಮ ಅಭಿಪ್ರಾಯ ಬೇರೆ. ಹಳೆಯ ಗಾಲಿಯ ಮೊದಲ ಲೇಪವು ಶಿಲಾಶಾಸನದಂತೆಯೇ ಒಂದು ದಾಖಲೆ. ಓದುವುದಕ್ಕೆ ಮೊದಲೇ ಅದನ್ನು ಉಜ್ಜಿಬಿಟ್ಟರೆ ಮತ್ತೆ ಬರೆದುಕೊಳ್ಳಲು ಮೂಲಪ್ರತಿಯೇ ಇರುವುದಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಗೆ ಲೋಹದ ಮಾತು ಹೊಸದಲ್ಲ. 1800ನೆಯ ಇಸವಿಯಲ್ಲಿ ಮೈಸೂರು ರಾಜ್ಯದಲ್ಲಿ ಸಂಚಾರ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಧುಗಿರಿಯ ಕಡೆಯಲ್ಲಿಯೂ, ಈಗ ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗದ ಕಡೆಯಲ್ಲಿಯೂ ಕಬ್ಬಿಣ ಕರಗಿಸುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿರುವನು. ಮಳೆಗಾಲದಲ್ಲಿ ಬೆಟ್ಟದ ತೊರೆಗಳು ಹೊತ್ತು ತಂದ ಕಪ್ಪು ಮರಳೇ ಆ ಕುಲುಮೆಗಳ ಅದಿರು. ಆನೆಗೊಂದಿಯಿಂದಲೋ ಸಮುದ್ರದಾಚೆಯಿಂದಲೋ ಬಂದುದಲ್ಲ, ಕಣ್ಣೆದುರಿನ ಹಳ್ಳದಿಂದ ಬಾಚಿ ತೊಳೆದು ತೆಗೆದದ್ದು. ಇಂದು ಆ ಕುಲುಮೆಗಳು ಆರಿಹೋಗಿವೆ.

ಕಬ್ಬಿಣದ ಹಳಿ ಹೊಡೆದ ಗಾಡಿಯ ಗಾಲಿಗೆ ಬಣ್ಣದ ಚಿಂತೆ ಅಷ್ಟಾಗಿ ಇರಲಿಲ್ಲ. ಕಮ್ಮಾರನು ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಸುತ್ತಿಗೆ ತೊಡಿಸಿ, ನೀರೆರೆದು ಬಿಗಿಗೊಳಿಸುತ್ತಿದ್ದನು. ಆ ಮೇಲೆ ರಸ್ತೆಯ ಕಲ್ಲೇ ಅದನ್ನು ದಿನವೂ ಉಜ್ಜಿ ಬೆಳಗುತ್ತಿತ್ತು. ಓಡುವ ಹಳಿಗೆ ತುಕ್ಕು ಹಿಡಿಯುವುದಿಲ್ಲ; ನಿಂತ ಗಾಡಿಯ ಹಳಿಗೆ ಮಾತ್ರ ಹಿಡಿಯುವುದು. ಗುಂಬಕ್ಕೆ ಕೀಲೆಣ್ಣೆ ಹಾಕಿದರೆ ಒಡೆಯನ ಕರ್ತವ್ಯ ಮುಗಿದಂತೆ. ತೇರಿನ ಗಾಲಿಯ ಸಂಗತಿ ಬೇರೆ. ಜಾತ್ರೆಯ ಮುಂಚೆ ಅದಕ್ಕೆ ಭಕ್ತಿಯಿಂದ ಹೊಸ ಬಣ್ಣ ಬಳಿಯುವುದುಂಟು. ಹೀಗೆ ಬಳಿದ ಪದರಗಳು ಒಂದರ ಮೇಲೊಂದು ಕೂತಿರುವ ಹಳೆಯ ತೇರಿನ ಗಾಲಿಯನ್ನು ಅಡ್ಡಲಾಗಿ ಸೀಳಿ ನೋಡಿದರೆ ಮರದ ವರ್ಷವಲಯಗಳನ್ನು ನೋಡಿದಂತಾದೀತು.

ಬಣ್ಣವು ಗಾಲಿಗೆ ಅತ್ಯವಶ್ಯಕವಾದದ್ದು ಅಲ್ಯೂಮಿನಿಯಂ ಬಂದ ಮೇಲೆ. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ಪರಸ್ಪರ ಅರಿಯದೆಯೇ ವಿದ್ಯುತ್ತಿನಿಂದ ಆ ಲೋಹವನ್ನು ಅಗ್ಗವಾಗಿ ತೆಗೆಯುವ ಕ್ರಮವನ್ನು ಕಂಡುಹಿಡಿದರು. 1924ರ ಆಗಸ್ಟಿನಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದ ಪಂದ್ಯಕ್ಕೆ ಎತ್ತೋರೆ ಬುಗಾಟಿಯು ತನ್ನ 35ನೆಯ ಮಾದರಿಯ ಕಾರನ್ನು ಇಳಿಸಿದಾಗ ಅದರ ಗಾಲಿಗಳು ಅಲ್ಯೂಮಿನಿಯಮಿನ ಎರಕವಾಗಿದ್ದವು. ಚಪ್ಪಟೆಯಾದ ಎಂಟು ಅರಗಳು, ಬ್ರೇಕಿನ ಡ್ರಮ್ಮೂ ಅದರೊಡನೆಯೇ ಸೇರಿದ್ದು. ಕಬ್ಬಿಣದ ಮೂರನೆಯ ಒಂದು ಪಾಲು ತೂಕದ ಈ ಲೋಹಕ್ಕೆ ಇತರ ಲೋಹಗಳನ್ನು ಸ್ವಲ್ಪ ಬೆರೆಸಿ ಗಟ್ಟಿಗೊಳಿಸುವುದರಿಂದ ‘ಅಲಾಯ್ ವೀಲ್’ ಎಂಬ ಹೆಸರು ಬಂದಿತು. ಇಂದು ಶಿರಾದ ಹೆದ್ದಾರಿಯ ಪಕ್ಕದಲ್ಲಿ ಕಾಲು ಗಂಟೆ ನಿಂತರೆ ಇಂತಹ ನೂರಾರು ಗಾಲಿಗಳು ಹಾದುಹೋಗುವುದನ್ನು ಕಾಣಬಹುದು.

ಈ ಗಾಲಿಗಳ ಬೆಳ್ಳಿಯ ಬಣ್ಣವನ್ನು ಲೋಹದ ಸ್ವಂತ ಬಣ್ಣವೆಂದು ಹಲವರು ತಿಳಿದಿರುವರು. ಬಹುಮಟ್ಟಿಗೆ ಅದು ಲೇಪದ ಬಣ್ಣ. ಅಲ್ಯೂಮಿನಿಯಮಿನ ಅತಿ ಸೂಕ್ಷ್ಮವಾದ ಹಲ್ಲೆಗಳನ್ನು ಅಂಟಿನಲ್ಲಿ ಕಲಸಿ ಎರಚಿ, ಅದರ ಮೇಲೆ ಪಾರದರ್ಶಕವಾದ ಮೆರುಗನ್ನು ಹಚ್ಚಿರುವರು. ಹಲ್ಲೆಗಳು ಸಮನಾಗಿ ಮಲಗಿದರೆ ಬಣ್ಣ ತಿಳಿಯಾಗುವುದು, ಓರೆಯಾಗಿ ನಿಂತರೆ ಕಪ್ಪಾಗುವುದು. ಒಂದೇ ಡಬ್ಬಿಯ ಬಣ್ಣವನ್ನು ತೆಳುವಾಗಿ ಒಣಗಿದಂತೆ ಎರಚಿದ ಗಾಲಿಯೂ, ದಟ್ಟವಾಗಿ ಹಸಿಯಾಗಿ ಎರಚಿದ ಗಾಲಿಯೂ ಎರಡು ಬಣ್ಣದವಾಗಿ ತೋರುವುವು. ಕಾರ್ಖಾನೆಯ ಬಣ್ಣವನ್ನು ಸರಿಗಟ್ಟಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದೊಂದು ಸಂಗತಿಯೇ ಸಾಕು. ಮೆರುಗು ಎಲ್ಲಿಯಾದರೂ ಬಿರಿದರೆ ನೀರೂ ಉಪ್ಪೂ ಒಳಗೆ ಸೇರಿ, ಎಲೆಯೊಳಗೆ ಹುಳು ಹರಿದಂತೆ ಬಿಳಿಯ ಗೆರೆಗಳು ಹಬ್ಬುವುವು. ಪಾವಗಡದಂತಹ ಮಳೆ ಕಡಮೆಯ ಸೀಮೆಯಲ್ಲಿ ಈ ಕಾಟ ಸ್ವಲ್ಪವೇ. ಅಲ್ಲಿ ಶತ್ರು ಬಿಸಿಲು. ಅದು ಹಳೆಯ ಮೆರುಗನ್ನು ಹಳದಿಗೆ ತಿರುಗಿಸುವುದು. ಆ ಬಿಸಿಲನ್ನೇ ಬಂಡವಾಳ ಮಾಡಿಕೊಂಡ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಕ್ಷೇತ್ರವು ಅದೇ ತಾಲ್ಲೂಕಿನಲ್ಲಿ ಎದ್ದಿರುವುದು ಕಾಲದ ವಿನೋದ.

ಹುಟ್ಟುಬಣ್ಣವನ್ನು ಮರಳಿ ಪಡೆಯುವ ಯತ್ನಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಅದು ಗಾಲಿಯದಲ್ಲ, ಗೋಡೆಯದು. ಆದರೂ ಅದಕ್ಕೂ ಶಿರಾಕ್ಕೂ ಸಂಬಂಧವುಂಟು. ಮೊಗಲರ ಸುಬೇದಾರನಾಗಿದ್ದ ದಿಲಾವರ್ ಖಾನನು 18ನೆಯ ಶತಮಾನದಲ್ಲಿ ಶಿರಾದಲ್ಲಿ ಕಟ್ಟಿಸಿದ ಅರಮನೆಯೇ ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದು ಬಿ. ಎಲ್. ರೈಸ್ ಅವರು ತಮ್ಮ ಗ್ಯಾಸೆಟಿಯರಿನಲ್ಲಿ ಹೇಳಿರುವರು. ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಲು ಟಿಪ್ಪು ಸುಲ್ತಾನನು ಶಿರಾದಿಂದ 12,000 ಸಂಸಾರಗಳನ್ನು ಎಬ್ಬಿಸಿ ಒಯ್ದನೆಂಬುದೂ ಅದರಲ್ಲಿಯೇ ಇದೆ. ಶಿರಾದ ಅರಮನೆ ಉಳಿಯಲಿಲ್ಲ. ಅದರ ಗೋಡೆಗಳ ಬಣ್ಣವನ್ನು ಈಗ ಯಾರನ್ನು ಕೇಳೋಣ? ಆದರೆ 1784ರಲ್ಲಿ ಕಟ್ಟಿದ ಶ್ರೀರಂಗಪಟ್ಟಣದ ದರಿಯಾ ದೌಲತ್ತು ನಿಂತಿದೆ. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಶ್ರೀರಂಗಪಟ್ಟಣದ ಮುತ್ತಿಗೆಗೆ ಮೊದಲು ಆ ಚಿತ್ರವನ್ನು ಅಳಿಸಿದರು. ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಅದನ್ನು ಸರಿಪಡಿಸಿದನು. ಆ ಮೇಲೆ ಅದು ಸುಣ್ಣದ ಕೆಳಗೆ ಮರೆಯಾಯಿತು. 1855ರಲ್ಲಿ ಅಲ್ಲಿಗೆ ಬಂದ ಡಾಲ್ಹೌಸಿಯ ಅಪ್ಪಣೆಯಂತೆ, ಮೂಲಚಿತ್ರ ನೆನಪಿನಲ್ಲಿದ್ದ ದೇಶೀಯ ಚಿತ್ರಗಾರನೊಬ್ಬನು ಅದನ್ನು ಮತ್ತೆ ಬರೆದನು.

ಆ ಚಿತ್ರಗಾರನ ಕೈಯನ್ನು ನಾವು ಗೌರವಿಸುತ್ತೇವೆ. ಆದರೂ ಇಂದು ನಾವು ನೋಡುವ ಕೆಂಪು 1784ರದೋ, ವೆಲ್ಲೆಸ್ಲಿಯ ಕಾಲದ್ದೋ, 1855ರ ನೆನಪಿನದೋ ಎಂಬ ಪ್ರಶ್ನೆ ಪ್ರೇಕ್ಷಕನನ್ನು ಬಿಡುವುದಿಲ್ಲ. ನೆನಪು ಆಕಾರವನ್ನು ಕಾಪಾಡುವಷ್ಟು ಬಣ್ಣವನ್ನು ಕಾಪಾಡಲಾರದು.

ಅದೇ ಪ್ರಶ್ನೆ ಈಗ ಯಂತ್ರವಾಹನಗಳಿಗೆ ಬಂದಿದೆ. 1960ರ ದಶಕದ ಆದಿಯಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಆರಂಭವಾಯಿತು. ಚೆಕ್ ದೇಶದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಮೋಟಾರ್ ಸೈಕಲ್ಲನ್ನು ಅಲ್ಲಿ ತಯಾರಿಸಿದರು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ವಾಹನಗಳ ಗಾಲಿ ಪೂರ್ತಿ ಎರಕದ್ದಲ್ಲ: ಉಕ್ಕಿನ ಸುತ್ತು, ತಂತಿಯ ಕಡ್ಡಿಗಳು, ನಡುವೆ ಅಲ್ಯೂಮಿನಿಯಂ ಮಿಶ್ರಲೋಹದ ದೊಡ್ಡ ಗುಂಬ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಇವುಗಳ ಅಭಿಮಾನಿಗಳು ಬೆಂಗಳೂರಿನಲ್ಲಿ ನೆರೆಯುವರು. ಆ ಸಾಲಿನಲ್ಲಿ ಕೆಲವು ಗುಂಬಗಳು ಕನ್ನಡಿಯಂತೆ ಹೊಳೆಯುತ್ತಿರುವುವು. ಯಂತ್ರದಲ್ಲಿ ಉಜ್ಜಿ ಎರಕದ ಚರ್ಮವನ್ನೇ ತೆಗೆದ ಫಲವದು. ಕಾರ್ಖಾನೆಯ ಬಾಗಿಲಿನಿಂದ ಹೊರಬಂದ ದಿನ ಅದು ಹಾಗೆಯೇ ಹೊಳೆಯುತ್ತಿತ್ತೇ ಎಂದು ಕೇಳುವವರು ಕಡಮೆ. ಮುಚ್ಚಿದ ಕಾರ್ಖಾನೆಗೆ ಕಾಗದ ಬರೆದು ಕೇಳುವಂತಿಲ್ಲ. ಉಳಿದಿರುವ ಸಾಕ್ಷಿಯೆಂದರೆ ಕೈಯಿಡದ ವಾಹನಗಳ ಮೈ. ಅಂತಹವು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ, ಅದೂ ಪ್ರೀತಿಯಿಂದ.

ಸಾಕ್ಷಿಯನ್ನು ಓದುವ ಕ್ರಮ ಕಷ್ಟವಾದದ್ದಲ್ಲ, ತಾಳ್ಮೆ ಬೇಕು. ಮೊದಲು ಗಾಲಿಯನ್ನು ಸೌಮ್ಯವಾದ ಸಾಬೂನಿನಿಂದ ತೊಳೆಯಬೇಕು. ಬ್ರೇಕಿನಿಂದ ಉದುರಿದ ಕಬ್ಬಿಣದ ಧೂಳು ಕೂತು ಬಣ್ಣದಂತೆಯೇ ತೋರುವುದುಂಟು. ಬಳಿಕ ಬಿಸಿಲು ಮುಟ್ಟದ ಜಾಗಗಳನ್ನು ಹುಡುಕಬೇಕು: ನಡುವಿನ ಮುಚ್ಚಳದ ಅಡಿ, ತೂಕ ಸರಿಮಾಡಲು ಅಂಟಿಸಿದ ಸೀಸದ ತುಂಡಿನ ಕೆಳಗು, ಬೋಲ್ಟಿನ ಸುತ್ತು. ಗಾಲಿಯ ಹಿಂಬದಿಯನ್ನು ಮಾತ್ರ ಪೂರ್ತಿ ನಂಬಬಾರದು. ಕಾಣದ ಕಡೆಗೆ ಕಾರ್ಖಾನೆಯವರು ಮೆರುಗಿಲ್ಲದೆ ತೆಳುವಾಗಿ ಎರಚಿ ಬಿಟ್ಟಿರಬಹುದು. ಮುಂಬದಿಯ ಒಂದು ಮೂಲೆಯಲ್ಲಿ ನಯವಾದ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಬೆರಳಗಲದಷ್ಟು ಉಜ್ಜಿದರೆ ಪದರಗಳು ಬಾವಿಯ ಮೆಟ್ಟಿಲುಗಳಂತೆ ಒಂದೊಂದಾಗಿ ತೆರೆದುಕೊಳ್ಳುವುವು. ಗೋಡೆಚಿತ್ರಗಳನ್ನು ಕಾಪಾಡುವವರು ಮಾಡುವುದೂ ಇದನ್ನೇ. ಸಿಕ್ಕಿದ ಬಣ್ಣವನ್ನು ದೀಪದ ಬೆಳಕಿನಲ್ಲಿ ತೂಗದೆ, ಹಗಲಿನ ಬಯಲಿನಲ್ಲಿ, ಹಲವು ಓರೆಗಳಿಂದ ನೋಡಬೇಕು. ಜರ್ಮನಿಯಲ್ಲಿ 1927ರಲ್ಲಿ 40 ಬಣ್ಣಗಳಿಗೆ ಅಂಕಿ ಕೊಟ್ಟು ಆರಂಭಿಸಿದ ರಾಲ್ ಎಂಬ ಪಟ್ಟಿಯಂತಹ ಬಣ್ಣದ ಪಟ್ಟಿಗಳು ಈ ಕೆಲಸಕ್ಕೆ ಆಸರೆಯಾಗುವುವು. ‘ಬೆಳ್ಳಿ’ ಎಂಬ ಮಾತಿಗಿಂತ ಅಂಕಿ ಮೇಲು.

ಹಳೆಯ ಬಣ್ಣ ತೆಗೆಯಲು ಕಾಸ್ಟಿಕ್ ಸೋಡವನ್ನು ಬಳಸುವ ವಾಡಿಕೆ ಕೆಲವೆಡೆ ಇದೆ. ಕಬ್ಬಿಣಕ್ಕೆ ಅದು ಸಲ್ಲುವುದು; ಅಲ್ಯೂಮಿನಿಯಮನ್ನು ಅದು ತಿಂದುಹಾಕುವುದು, ಬೆಂಕಿ ಹತ್ತುವ ಜಲಜನಕವೂ ಹೊರಡುವುದು. ಒಲೆಯಲ್ಲಿ ಬೇಯಿಸುವ ಪುಡಿಬಣ್ಣಕ್ಕೆ ಸುಮಾರು 200 ಡಿಗ್ರಿ ಶಾಖ ಬೇಕಾಗುವುದರಿಂದ, ಕಾಯಿಸಿ ಹದಗೊಳಿಸಿದ ಹಳೆಯ ಎರಕವನ್ನು ಹೆಚ್ಚು ಹೊತ್ತು ಅದರಲ್ಲಿಟ್ಟರೆ ಲೋಹದ ಹದವೇ ಕೆಡಬಹುದು. ಹೊಸ ಬಣ್ಣ ಎಷ್ಟು ಚೆನ್ನಾಗಿ ಕೂತರೂ ಸಡಿಲವಾದ ಲೋಹದ ಮೇಲೆ ಪ್ರಯಾಣ ಮಾಡುವ ಧೈರ್ಯ ನಮಗಿಲ್ಲ.

ಕೆಲಸ ಮಾಡಿಸುವವರಲ್ಲಿ ನಮ್ಮದೊಂದು ವಿನಂತಿ. ನಾಲ್ಕು ಗಾಲಿಗಳನ್ನೂ ಒಟ್ಟಿಗೆ ಬರಿಮೈ ಮಾಡಿಸಬೇಡಿರಿ; ಬಣ್ಣ ನಿಶ್ಚಯವಾಗುವ ತನಕ ಒಂದನ್ನಾದರೂ ಇದ್ದಂತೆ ಇಟ್ಟುಕೊಳ್ಳಿರಿ. ಉಳಿದ ಮೂರರಲ್ಲಿಯೂ ನಡುವಿನ ಮುಚ್ಚಳದ ಅಡಿಯಲ್ಲಿ, ಹೊರಗಿನವರ ಕಣ್ಣಿಗೆ ಬೀಳದ ಕಡೆ, ಹೆಬ್ಬೆರಳಗಲದ ಹಳೆಯ ಲೇಪವನ್ನು ಮುಟ್ಟದೆ ಬಿಡಿಸಿರಿ. ಎರಕದಲ್ಲಿ ಮೂಡಿಸಿದ ಅಂಕಿ ಅಕ್ಷರಗಳು ಇದ್ದರೆ ದಪ್ಪ ಬಣ್ಣದಿಂದ ಮುಚ್ಚದಿರಲಿ. ಇಷ್ಟಕ್ಕೆ ಖರ್ಚೇನೂ ತಗಲುವುದಿಲ್ಲ. ಕೆಲಸಗಾರನಿಗೆ ಮೊದಲೇ ಹೇಳಿದರಾಯಿತು.