ಕರಾರಿನಲ್ಲಿ ಒಂದು ಷರತ್ತು: ವಾಷಿಂಗ್ಟನ್, 1941

1940ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತನಾಡಿ, ತಮ್ಮ ದೇಶ ಪ್ರಜಾಪ್ರಭುತ್ವದ ಶಸ್ತ್ರಾಗಾರವಾಗಬೇಕೆಂದು ಸಾರಿದರು. ಅತ್ತ ಯುರೋಪು ಹೊತ್ತಿ ಉರಿಯುತ್ತಿತ್ತು. ಇತ್ತ ಬೊಕ್ಕಸದ ಬಾಗಿಲು ತೆರೆಯಿತು. ವಿಮಾನ, ಹಡಗು, ಫಿರಂಗಿಗಳಿಗಾಗಿ ಸರ್ಕಾರ ಕಾರ್ಖಾನೆಗಳೊಡನೆ ಕರಾರಿನ ಮೇಲೆ ಕರಾರು ಮಾಡಿಕೊಂಡಿತು. ಹತ್ತು ವರ್ಷ ನಿರುದ್ಯೋಗದಲ್ಲಿ ಬೆಂದ ನಾಡಿಗೆ ಕೆಲಸ ಬಂತು. ಆದರೆ ಅದು ಬಂದದ್ದು ಬಿಳಿಯರ ಮನೆಬಾಗಿಲಿಗೆ ಮಾತ್ರ. ಕಪ್ಪು ಜನರಿಗೆ ಕಸ ಗುಡಿಸುವ ಕೆಲಸ ಬಿಟ್ಟು ಬೇರೇನೂ ಇಲ್ಲವೆಂದು ವಿಮಾನ ಕಂಪನಿಯ ಮುಖ್ಯಸ್ಥರೊಬ್ಬರು ಬಹಿರಂಗವಾಗಿಯೇ ಹೇಳಿದರು. ಕಪ್ಪು ಜನರು ಕಟ್ಟಿದ ತೆರಿಗೆಯೂ ಅದೇ ಬೊಕ್ಕಸ ಸೇರಿತ್ತು; ಅವರ ಹಣದಿಂದಲೇ ಅವರನ್ನು ಹೊರಗಿಡುವ ವ್ಯವಸ್ಥೆ ನಡೆದಿತ್ತು.

ಆ ಕಾಲದಲ್ಲಿ ಏಸಾ ಫಿಲಿಪ್ ರಾಂಡಾಲ್ಫ್ ಎಂಬ ಧೀರರಿದ್ದರು. 1889ರಲ್ಲಿ ಫ್ಲಾರಿಡಾದಲ್ಲಿ, ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವರು. ರೈಲಿನ ಮಲಗುವ ಬೋಗಿಗಳಲ್ಲಿ ಪ್ರಯಾಣಿಕರ ಸೇವೆಗೆ ನಿಂತಿದ್ದ ಕಪ್ಪು ಪೋರ್ಟರುಗಳಿಗೆ 1925ರಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಕಾದಾಡಿ, ಬಲಾಢ್ಯ ಪುಲ್‌ಮನ್ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. 1941ರ ಜನವರಿಯಲ್ಲಿ ಅವರು ಹತ್ತು ಸಾವಿರ ಕಪ್ಪು ಜನರು ರಾಜಧಾನಿಗೆ ನಡೆದು ಬರಲೆಂದು ಕರೆ ಕೊಟ್ಟರು. ಜುಲೈ 1ರ ದಿನ ಗೊತ್ತಾಯಿತು. ತಿಂಗಳುಗಳು ಉರುಳಿದಂತೆ ಆ ಹತ್ತು ಸಾವಿರ ಲಕ್ಷಕ್ಕೆ ಬೆಳೆಯಿತು.

ಜೂನ್ 18ರಂದು ಶ್ವೇತಭವನದಲ್ಲಿ ಭೇಟಿ ನಡೆಯಿತು. ಎಷ್ಟು ಜನ ಬರುತ್ತಾರೆಂದು ರೂಸ್‌ವೆಲ್ಟ್ ಕೇಳಿದರು. ಒಂದು ಲಕ್ಷವೆಂದು ಉತ್ತರ ಬಂತು. ಕಾರ್ಖಾನೆಗಳ ಯಜಮಾನರನ್ನು ಕರೆಸಿ ಹೇಳಿನೋಡುವುದಾಗಿ ಅಧ್ಯಕ್ಷರು ಮಾತು ಕೊಟ್ಟರು. ರಾಂಡಾಲ್ಫ್ ಜಗ್ಗಲಿಲ್ಲ. ಯಜಮಾನರ ಔದಾರ್ಯ ಅವರಿಗೆ ಬೇಕಿರಲಿಲ್ಲ, ಅಧ್ಯಕ್ಷರ ಲಿಖಿತ ಆಜ್ಞೆ ಬೇಕಿತ್ತು. ಈತ ಮೆರವಣಿಗೆ ಕೈಬಿಡುವವರಲ್ಲವೆಂದು ಮನಗಂಡ ನ್ಯೂಯಾರ್ಕಿನ ಮೇಯರ್ ಲಾ ಗ್ವಾರ್ಡಿಯಾ, ದಾರಿಯೊಂದನ್ನು ಹುಡುಕೋಣವೆಂದರು. ಜೋಸೆಫ್ ರಾವ್ ಎಂಬ ತರುಣ ವಕೀಲರು ಕರಡು ಬರೆದರು, ರಾಂಡಾಲ್ಫ್ ಒಪ್ಪಲಿಲ್ಲ, ತಿದ್ದಿ ಮತ್ತೆ ಬರೆದರು.

ಜೂನ್ 25ರಂದು 8802ನೆಯ ಆಜ್ಞೆಗೆ ಸಹಿ ಬಿತ್ತು. ಇನ್ನು ಮುಂದಿನ ರಕ್ಷಣಾ ಕರಾರುಗಳಲ್ಲೆಲ್ಲ ಒಂದು ಷರತ್ತು ಇರತಕ್ಕದ್ದು: ಜನಾಂಗ, ಮತ, ಬಣ್ಣ, ಮೂಲದೇಶಗಳ ಕಾರಣಕ್ಕೆ ಗುತ್ತಿಗೆದಾರನು ಯಾವ ಕಾರ್ಮಿಕನಿಗೂ ಭೇದ ಮಾಡಕೂಡದು. ಮೆರವಣಿಗೆ ನಿಂತಿತು. ಸೈನ್ಯದೊಳಗಿನ ವರ್ಣಭೇದವನ್ನು ಆಜ್ಞೆ ಮುಟ್ಟಿರಲಿಲ್ಲವಾದ್ದರಿಂದ, ರಾಂಡಾಲ್ಫ್ ಸೋತರೆಂದು ಅವರ ತರುಣ ಅನುಯಾಯಿಗಳಲ್ಲಿ ಕೆಲವರು ಕ್ರುದ್ಧರಾದರು. ನನ್ನ ಎಣಿಕೆಯಲ್ಲಿ ಅದು ಸೋಲಲ್ಲ. ದೊರೆಯಾಗಿ ಕಾನೂನು ಮಾಡುವುದಕ್ಕೆ ಮೊದಲೇ, ಗಿರಾಕಿಯಾಗಿ ನ್ಯಾಯ ಕೇಳುವ ಹಕ್ಕು ಸರ್ಕಾರಕ್ಕಿದೆ ಎಂಬುದನ್ನು ಸಂಸತ್ತಿನ ಮತವಿಲ್ಲದೆಯೇ ಆತ ಬರೆಸಿಕೊಂಡರು. ದಕ್ಷಿಣದ ಪ್ರತಿನಿಧಿಗಳ ಹಿಡಿತದಲ್ಲಿದ್ದ ಸಂಸತ್ತಿನಿಂದ ಅಂಥ ಕಾನೂನು ಅಂದು ಹೊರಡುವ ಮಾತೇ ಇರಲಿಲ್ಲ.

ಕೊರತೆ ಬೇರೆಡೆ ಇತ್ತು. ದೂರು ಕೇಳಲು ಸಮಿತಿಯೊಂದು ನೇಮಕವಾಯಿತು; ಶಿಕ್ಷಿಸುವ ಅಧಿಕಾರ ಅದಕ್ಕಿರಲಿಲ್ಲ. ಲಾಸ್ ಏಂಜಲೀಸ್, ಷಿಕಾಗೋ, ನ್ಯೂಯಾರ್ಕ್, ಬರ್ಮಿಂಗ್‌ಹ್ಯಾಮ್‌ಗಳಲ್ಲಿ ಅದು ವಿಚಾರಣೆ ನಡೆಸಿ, ಮುಚ್ಚಿಟ್ಟಿದ್ದನ್ನು ಬೆಳಕಿಗೆ ತಂದಿತು. 1943ರ ಮೇ ತಿಂಗಳಲ್ಲಿ ಅಲಬಾಮಾದ ಮೊಬೀಲ್ ಹಡಗುಕಟ್ಟೆಯಲ್ಲಿ ಹನ್ನೆರಡು ಕಪ್ಪು ಕಾರ್ಮಿಕರಿಗೆ ವೆಲ್ಡಿಂಗ್ ಕೆಲಸ ಕೊಟ್ಟದ್ದೇ ತಡ, ಮರುಬೆಳಗ್ಗೆ ಬಿಳಿಯ ಕಾರ್ಮಿಕರು ಕಬ್ಬಿಣದ ತುಂಡು ಹಿಡಿದು ಕಪ್ಪು ಸಹೋದ್ಯೋಗಿಗಳ ಮೇಲೆರಗಿದರು. ಸೈನ್ಯ ಬಂತು. ಕೊನೆಗೆ ಕಪ್ಪು ಜನರಿಗೆ ಬೇರೆಯೇ ನಾಲ್ಕು ಕಟ್ಟೆಗಳನ್ನು ಬಿಟ್ಟುಕೊಟ್ಟು ರಾಜಿಯಾಯಿತು. ಷರತ್ತನ್ನು ಪಾಲಿಸುವ ನೆಪದಲ್ಲಿ ಭೇದಕ್ಕೇ ಮುದ್ರೆ ಒತ್ತಿದ ಈ ರಾಜಿ ಓದಿದಾಗಲೆಲ್ಲ ನೋವಾಗುತ್ತದೆ.

ಮರುವರ್ಷ ಫಿಲಡೆಲ್ಫಿಯಾದಲ್ಲಿ ಸರ್ಕಾರ ಬೆನ್ನು ನೆಟ್ಟಗೆ ಮಾಡಿಕೊಂಡಿತು. ಎಂಟು ಕಪ್ಪು ಜನರು ಟ್ರಾಮ್ ಓಡಿಸಲು ತರಬೇತಿ ಪಡೆದರೆಂದು ಆಗಸ್ಟ್ 1ರಂದು ಬಿಳಿಯ ನೌಕರರು ಮುಷ್ಕರ ಹೂಡಿದರು. ಯುದ್ಧಸಾಮಗ್ರಿಯ ಕಾರ್ಖಾನೆಗಳಿಗೆ ಜನ ತಲುಪದಾದರು. ರೂಸ್‌ವೆಲ್ಟ್ ಸುಮಾರು ಐದು ಸಾವಿರ ಸೈನಿಕರನ್ನು ಕಳಿಸಿದರು. ಕೆಲಸಕ್ಕೆ ಮರಳದವರು ನೌಕರಿಯನ್ನೂ ಸೈನ್ಯಸೇವೆಯಿಂದ ಸಿಕ್ಕಿದ್ದ ವಿನಾಯಿತಿಯನ್ನೂ ಕಳೆದುಕೊಳ್ಳುವರೆಂದು ಸಾರಲಾಯಿತು. ವಾರದೊಳಗೆ ಟ್ರಾಮುಗಳು ಓಡಿದವು. 1942ರ ಆರಂಭದಲ್ಲಿ ಯುದ್ಧೋದ್ಯಮದಲ್ಲಿ ಸುಮಾರು ಶೇ. 3ರಷ್ಟಿದ್ದ ಕಪ್ಪು ಕಾರ್ಮಿಕರ ಪಾಲು 1944ರ ಹೊತ್ತಿಗೆ ಸುಮಾರು ಶೇ. 8ಕ್ಕೆ ಏರಿತ್ತು. ಕಾರ್ಮಿಕರ ಅಭಾವವೂ ಇದಕ್ಕೆ ಕಾರಣ, ನಿಜ. ಆದರೆ ಅಭಾವವಿದ್ದಾಗಲೂ ತೆರೆಯದ ಬಾಗಿಲುಗಳನ್ನು ತೆರೆಸಿದ್ದು ಆ ಷರತ್ತು.

1946ರಲ್ಲಿ ಸಮಿತಿ ಮುಚ್ಚಿತು. ರಾಂಡಾಲ್ಫ್ ಸುಮ್ಮನಾಗಲಿಲ್ಲ; ಗಾಂಧೀಜಿಯ ಅಸಹಕಾರದಿಂದ ಪಾಠ ಕಲಿತು ಚಳವಳಿಯನ್ನು ಮುಂದುವರಿಸಿದರು. 1948ರಲ್ಲಿ ಅಧ್ಯಕ್ಷ ಟ್ರೂಮನ್ ಸೈನ್ಯದೊಳಗಿನ ಭೇದಕ್ಕೆ ಅಂತ್ಯ ಹಾಡುವ ಆಜ್ಞೆ ಹೊರಡಿಸಿದರು. 1965ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ 11246ನೆಯ ಆಜ್ಞೆಗೆ ಸಹಿ ಹಾಕಿದಾಗ, ತಪ್ಪಿದ ಗುತ್ತಿಗೆದಾರನ ಕರಾರನ್ನು ರದ್ದುಮಾಡುವ ಬಲ ಆ ಹಳೆಯ ಷರತ್ತಿಗೆ ಕೂಡಿಬಂದಿತ್ತು. ರಾಂಡಾಲ್ಫರಿಗೆ ಆಗ 76 ವರ್ಷ. ಆ ಆಜ್ಞೆ ಅರವತ್ತು ವರ್ಷಗಳ ಹತ್ತಿರ ಜಾರಿಯಲ್ಲಿದ್ದು, 2025ರ ಜನವರಿಯಲ್ಲಿ ಮತ್ತೊಬ್ಬ ಅಧ್ಯಕ್ಷರ ಸಹಿಯಿಂದ ರದ್ದಾಯಿತು.