ಜೋಕಾಲಿಯಲ್ಲಿ ಕೂತ ದನಿ

1979ರಲ್ಲಿ ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಏರಿದ ಹಾಡು 'ರಿಂಗ್ ಮೈ ಬೆಲ್'. ಹಾಡಿದವರು ಮೆಂಫಿಸ್ ನಗರದ ಅನಿತಾ ವಾರ್ಡ್. ಮನಶ್ಶಾಸ್ತ್ರ ಓದಿ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಫ್ರೆಡೆರಿಕ್ ನೈಟ್ ಈ ಹಾಡನ್ನು ಮೊದಲು ಬರೆದದ್ದು ಒಬ್ಬ ಪುಟ್ಟ ಹುಡುಗಿಗಾಗಿ. ಮಕ್ಕಳು ಫೋನಿನಲ್ಲಿ ಹರಟುವ ಹಾಡಾಗಿತ್ತಂತೆ. ಆ ಹುಡುಗಿ ಬೇರೆ ಕಂಪನಿಗೆ ಹೋದಳು, ಮಾತುಗಳು ಬದಲಾದವು, ಹಾಡು ಟೀಚರಮ್ಮನ ಪಾಲಿಗೆ ಬಂತು.

ಹಾಡಿನ ಮಾತು ಮರೆತುಹೋದರೂ ಅದರೊಳಗಿನ ಒಂದು ಸದ್ದು ಮರೆಯುವುದಿಲ್ಲ. ತಾಳದ ನಡುನಡುವೆ 'ಡ್ಯೂಂ' ಎಂದು ಮೇಲಿನಿಂದ ಕೆಳಕ್ಕೆ ಜಾರುವ ಸದ್ದು. ಯಾರೋ ದನಿಯನ್ನೇ ಎತ್ತರದಿಂದ ಕೈಬಿಟ್ಟ ಹಾಗೆ. ಅದು ಸಿನ್‌ಡ್ರಮ್ ಎಂಬ ವಾದ್ಯದ್ದು. ಜೋ ಪೊಲಾರ್ಡ್ ಎಂಬ ಡ್ರಮ್ ವಾದಕ, ಮಾರ್ಕ್ ಬಾರ್ಟನ್ ಎಂಬ ಎಂಜಿನಿಯರ್ ಜೊತೆ ಸೇರಿ 1976ರ ಸುಮಾರಿಗೆ ಇದನ್ನು ಮಾಡಿದ. ನೋಡಲು ಡೋಲು, ಆದರೆ ಪೆಟ್ಟಿನ ಕೆಲಸ ಒಳಗಿನ ವಿದ್ಯುತ್ತಿಗೆ 'ಶುರು ಮಾಡು' ಎಂದು ಹೇಳುವುದಷ್ಟೆ. ದನಿ ಹುಟ್ಟುವುದು ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯ ಮೇಲೆ ಸಾಲಾಗಿ ನಾಬ್‌ಗಳು. ಒಂದು ಶ್ರುತಿಗೆ, ಒಂದು ದನಿ ಎಷ್ಟು ಹೊತ್ತು ಉಳಿಯಬೇಕು ಎಂಬುದಕ್ಕೆ. ಇನ್ನೊಂದು ದನಿಯನ್ನು ಜಾರಿಸುವುದಕ್ಕೆ. ಅನಿತಾ ವಾರ್ಡ್ ಹಾಡಿನಲ್ಲಿ ಕೇಳುವುದು ಈ ಜಾರುವಿಕೆ. ವೀಣೆ ಕಲಿತ ನಮಗೆ ಇದೇನೂ ಹೊಸದಲ್ಲ, 'ಜಾರು' ಎಂಬ ಗಮಕವೇ ಇದೆಯಲ್ಲ. ತಬಲಾದವರೂ ಡಗ್ಗದ ಮೇಲೆ ಅಂಗೈಯ ಬುಡ ಒತ್ತಿ ದನಿಯನ್ನು ಬಾಗಿಸುತ್ತಾರೆ.

ನನ್ನನ್ನು ಬಹಳ ದಿನ ಕಾಡಿದ್ದು ಆ ಕಾಲದ ಡ್ರಮ್ ಸಿಂಥಸೈಜರುಗಳಲ್ಲಿದ್ದ ಮತ್ತೊಂದು ನಾಬ್: ಎಲ್.ಎಫ್.ಓ. ಬಿಡಿಸಿ ಹೇಳಿದರೆ ಲೋ ಫ್ರೀಕ್ವೆನ್ಸಿ ಆಸಿಲೇಟರ್, ನಿಧಾನವಾಗಿ ಓಲಾಡುವ ಅಲೆ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20 ಕಂಪನಕ್ಕಿಂತ ಕಡಿಮೆಯಾದದ್ದು ಸ್ವರವಾಗಿ ಕೇಳುವುದಿಲ್ಲ. ಈ ಅಲೆ ಓಡುವುದು ಹೆಚ್ಚಾಗಿ ಆ ಗೆರೆಯ ಕೆಳಗೇ. ಅಂದರೆ ತಾನು ಕೇಳಿಸದೆ, ಕೇಳಿಸುವ ಇನ್ನೊಂದನ್ನು ಕುಲುಕುವುದೇ ಅದರ ಕೆಲಸ.

ಜೋಕಾಲಿಯಲ್ಲಿ ಕೂತು ಹಾಡುವ ಮಗುವನ್ನು ನೆನೆಸಿಕೊಳ್ಳಿ. ಜೋಕಾಲಿಗೆ ಸದ್ದಿಲ್ಲ, ಹಾಡುವುದು ಮಗು. ಆದರೆ ದನಿ ಹತ್ತಿರ ಬಂದು ದೂರ ಹೋಗುವುದು ಜೋಕಾಲಿಯಿಂದ. ಎಷ್ಟು ಬೇಗ ತೂಗುತ್ತೀರಿ ಎಂಬುದು ವೇಗ, ಎಷ್ಟು ದೂರ ತೂಗುತ್ತೀರಿ ಎಂಬುದು ಆಳ. ವೇಗಕ್ಕೊಂದು ನಾಬ್, ಆಳಕ್ಕೊಂದು ನಾಬ್. ಆಳ ಸೊನ್ನೆಗಿಟ್ಟರೆ ವೇಗದ ನಾಬನ್ನು ಎಷ್ಟು ತಿರುಗಿಸಿದರೂ ಏನೂ ಆಗದು. ಅಲೆಯನ್ನು ಶ್ರುತಿಗೆ ಜೋಡಿಸಿದರೆ ಸ್ವರ ನಡುಗುತ್ತದೆ, ನಮ್ಮ ಕಂಪಿತದ ದೂರದ ನೆಂಟ. ಮಟ್ಟಕ್ಕೆ ಜೋಡಿಸಿದರೆ ಸದ್ದು ದೊಡ್ಡದು ಸಣ್ಣದಾಗುತ್ತದೆ. ಕೆಲವು ಹಾರ್ಮೋನಿಯಂಗಳಲ್ಲಿ ದನಿ ನಡುಗಿಸುವ ಒಂದು ಗುಂಡಿ ಇರುತ್ತದಲ್ಲ, ಅಲ್ಲಿ ಗಾಳಿಯ ದಾರಿಯಲ್ಲಿ ಒಂದು ಪುಟ್ಟ ರೆಕ್ಕೆ ತೆರೆದು ಮುಚ್ಚಿ ಇದೇ ಕೆಲಸ ಮಾಡುತ್ತದೆ.

ಈ ಓಲಾಟವನ್ನು ಕೈಯಲ್ಲೇ ಬರೆದವರೂ ಒಬ್ಬರಿದ್ದರು, ಇಂಗ್ಲೆಂಡಿನ ಡ್ಯಾಫ್ನಿ ಓರಮ್. 1958ರಲ್ಲಿ ಬಿ.ಬಿ.ಸಿ.ಯ ರೇಡಿಯೋಫೋನಿಕ್ ವರ್ಕ್‌ಶಾಪ್ ಶುರುವಾಗಲು ಕಾರಣರಾದವರಲ್ಲಿ ಅವರೂ ಒಬ್ಬರು. ಮರುವರ್ಷವೇ ಕೆಲಸ ಬಿಟ್ಟು ಕೆಂಟ್‌ನ ತಮ್ಮ ಮನೆಯಲ್ಲಿ ಸ್ವಂತ ಯಂತ್ರ ಕಟ್ಟಿದರು. 35 ಮಿಲಿಮೀಟರ್ ಫಿಲ್ಮಿನ ಮೇಲೆ ಗೆರೆ, ಚುಕ್ಕೆ ಬರೆದರೆ ಯಂತ್ರ ಅದನ್ನು ಓದಿ ದನಿ ಮಾಡುತ್ತಿತ್ತು. ರಂಗೋಲಿ ಹಾಕಿದ ಕೈಗೆ ಇದು ತಟ್ಟನೆ ಅರ್ಥವಾದೀತು. 1964ರಲ್ಲಿ ಅಮೆರಿಕದ ರಾಬರ್ಟ್ ಮೋಗ್ ಬೇರೆ ದಾರಿ ಹಿಡಿದ. ಕೈ ನಾಬನ್ನು ತಿರುಗಿಸುವ ಬದಲು ವೋಲ್ಟೇಜೇ ಆ ಕೆಲಸ ಮಾಡಲಿ ಎಂದ. ಒಂದು ಅಲೆ ಇನ್ನೊಂದು ಅಲೆಯನ್ನು ಆಡಿಸುವುದು ಆಮೇಲೆ ಸಲೀಸಾಯಿತು.

ಇಷ್ಟನ್ನು ಕೀಬೋರ್ಡಿನವರೂ ಹೇಳುತ್ತಾರೆ. ಡೋಲಿಗೆ ಬಂದಾಗಲೇ ಮಜಾ. ಕೀಬೋರ್ಡಿನಲ್ಲಿ ಬೆರಳು ಒತ್ತಿ ಹಿಡಿದರೆ ಸ್ವರ ನಿಲ್ಲುತ್ತದೆ, ಜೋಕಾಲಿ ನಾಲ್ಕು ಸಲ ಹೋಗಿ ಬರುವುದು ಪೂರ್ತಿ ಕೇಳುತ್ತದೆ. ಪೆಟ್ಟು ಹಾಗಲ್ಲ, ಕಾಲು ಸೆಕೆಂಡಿನಲ್ಲಿ ಮುಗಿಯಿತು. ಜೋಕಾಲಿ ಒಮ್ಮೆ ಹೋಗಿ ಬರಲು ಎರಡು ಸೆಕೆಂಡು ಬೇಕಾದರೆ ಆ ಪೆಟ್ಟಿಗೆ ಸಿಗುವುದು ಓಲಾಟದ ಎಂಟನೆಯ ಒಂದು ಪಾಲು. ಮಗು ಒಂದೇ ಅಕ್ಷರ ಹೇಳಿ ಬಾಯಿ ಮುಚ್ಚಿದ ಹಾಗೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಪೆಟ್ಟು ಬಿದ್ದಾಗ ಜೋಕಾಲಿ ಎಲ್ಲಿತ್ತು?

ಇದು ನನಗೆ ಸ್ಪಷ್ಟವಾದದ್ದು ಮೈದುನನಿಂದ. ಅವನು ಊರಿನ ಆರ್ಕೆಸ್ಟ್ರಾದಲ್ಲಿ ಢೋಲಕ್ ನುಡಿಸುತ್ತಿದ್ದ. ರಿದಮ್ ಪ್ಯಾಡ್ ಬಂದ ಮೇಲೆ ತಾಳದವರು ಮೂವರಿದ್ದ ಕಡೆ ಒಬ್ಬರು ಸಾಕಾಯಿತು. ಉಳಿದಿಬ್ಬರಲ್ಲಿ ಒಬ್ಬರು ಕಿರಾಣಿ ಅಂಗಡಿ ಇಟ್ಟರು, ಇನ್ನೊಬ್ಬರು ಕೈಗೆ ವಾದ್ಯ ಮುಟ್ಟಿಸುವುದನ್ನೇ ಬಿಟ್ಟರು. ಇವನು ಹಟ ಹಿಡಿದು ಯಂತ್ರವನ್ನೇ ಕಲಿತ. ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಡ್ರಮ್ ಸಿಂಥ್ ಕೊಂಡು ತಂದ.

"ಅತ್ತಿಗೆ, ಪ್ರತಿ ಪೆಟ್ಟಿಗೂ ಅಲೆಯನ್ನು ಮೊದಲಿನಿಂದ ಶುರು ಮಾಡಿಸಬಹುದು, ಕೇಳಿ," ಎಂದು ಬಾರಿಸಿದ. ನೂರು ಪೆಟ್ಟು ಬಿದ್ದರೂ ನೂರೂ ಒಂದೇ. ಆಮೇಲೆ ಸ್ವಿಚ್ ಬದಲಾಯಿಸಿದ. ಈಗ ಜೋಕಾಲಿ ತನ್ನ ಪಾಡಿಗೆ ತೂಗುತ್ತಲೇ ಇರುತ್ತದೆ, ಪೆಟ್ಟಿಗಾಗಿ ಕಾಯುವುದಿಲ್ಲ. ಅರ್ಧ ಸೆಕೆಂಡಿಗೊಂದು ಪೆಟ್ಟು ಹಾಕಿದ. ಒಂದು ನಡುವಿನಿಂದ ಮೇಲಕ್ಕೇರಿತು, ಎರಡನೆಯದು ತುದಿಯಲ್ಲಿ ಕೂತಿತು, ಮೂರನೆಯದು ಅದೇ ನಡುವಿನಿಂದ ಕೆಳಗಿಳಿಯಿತು, ನಾಲ್ಕನೆಯದು ತಳದಲ್ಲಿ. ಐದನೆಯದು ಮತ್ತೆ ಮೊದಲಿನಂತೆ. ಕೈ ಮಾತ್ರ ಒಂದೇ ಸಮ ಬೀಳುತ್ತಿತ್ತು, ದನಿ ನಾಲ್ಕು ಬಗೆ!

ನನಗೆ ಈ ಎರಡನೆಯದೇ ಇಷ್ಟ. ಮನುಷ್ಯರು ನುಡಿಸಿದಾಗ ಎರಡು ಪೆಟ್ಟು ಒಂದೇ ಇರುವುದಿಲ್ಲ ಎಂಬುದನ್ನು ಅದು ತನ್ನ ಯಂತ್ರದ ರೀತಿಯಲ್ಲಿ ಮಾಡುತ್ತದೆ. ಹಾಗೆಂದು ಅದು ಗಮಕವಲ್ಲ. ವೈಣಿಕರು ಕಂಪಿತವನ್ನು ರಾಗ ನೋಡಿ ಹಿಗ್ಗಿಸಿ ಕುಗ್ಗಿಸುತ್ತಾರೆ, ಜೋಕಾಲಿಗೆ ರಾಗ ಗೊತ್ತಿಲ್ಲ.

ಮೈದುನ ಅದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದಾನೆ. ಜೋಕಾಲಿಯ ವೇಗವನ್ನು ತಾಳಕ್ಕೆ ಸರಿಹೊಂದದ ಹಾಗೆ ಕೂದಲೆಳೆಯಷ್ಟು ಆಚೆ ಇಡುತ್ತಾನೆ. ಆಗ ನಾಲ್ಕರ ಆವರ್ತ ಮುರಿದು ಪ್ರತಿ ಸುತ್ತಿಗೂ ದನಿ ಇಷ್ಟಿಷ್ಟೇ ಸರಿಯುತ್ತ ಹೋಗುತ್ತದೆ. ಗಣೇಶನ ಹಬ್ಬದ ಕಾರ್ಯಕ್ರಮಗಳಿಗೆ ಹೋಗುವಾಗ ಬೇರೆ ಯಾರಾದರೂ ನಾಬ್ ಮುಟ್ಟಿ ಕೆಡಿಸಿಯಾರೆಂದು, ಆ ಜಾಗದಲ್ಲಿ ಹೆಂಡತಿಯ ಕೆಂಪು ನೈಲ್ ಪಾಲಿಷಿನಿಂದ ಒಂದು ಚುಕ್ಕೆ ಇಟ್ಟುಕೊಂಡಿದ್ದಾನೆ.